ಬಿಡಿಸಬಹುದಾದ ಸರಕು

ನಮ್ಮವ್ವನ ಹೆಣವನ್ನು ಭಾರ ಪರವಾನಗಿ ಕಚೇರಿಯವರು 'ಬಿಡಿಸಬಹುದಾದ ಸರಕು' ಎಂದು ಬರೆದು ಅರ್ಜಿಯನ್ನು ಹಿಂದಕ್ಕೆ ಕೊಟ್ಟರು. ಮಿತಿ ಮೀರಿದ ಭಾರವನ್ನು ರಸ್ತೆಯ ಮೇಲೆ ಒಯ್ಯಲು, ಬಿಡಿಬಿಡಿಯಾಗಿ ಬಿಡಿಸಲು ಬಾರದ ಸರಕಿಗೆ ಮಾತ್ರ ಪರವಾನಗಿ ಎಂಬುದು ನಿಯಮ. ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಪಂಖಾದ ರೆಕ್ಕೆಯನ್ನು ಬಿಡಿಸಲು ಬರುವುದಿಲ್ಲ, ಅದಕ್ಕೆ ಕೊಡುತ್ತಾರೆ. ಕಾರ್ಖಾನೆಯ ಬಾಯ್ಲರಿಗೂ ಕೊಡುತ್ತಾರೆ. ನಮ್ಮವ್ವ ಹುಲಿಗೆವ್ವನನ್ನು ಬಿಡಿಸಲು ಬರುತ್ತದೆ.

ನಮ್ಮೂರಲ್ಲಿ ಹೊತ್ತು ಬದುಕಿದವರು ಸತ್ತಾಗ ಹೊತ್ತದ್ದು ಹೆಣದಲ್ಲಿ ಉಳಿಯುತ್ತದೆ. ಬದುಕಿರುವಾಗ ಅವರನ್ನು ತೂಗಿದರೆ ತಕ್ಕಡಿ ಎಲ್ಲರಿಗೆ ತೋರಿಸುವಷ್ಟೇ ತೋರಿಸುತ್ತದೆ, ಭಾರ ಗೊತ್ತಾಗುವುದು ಮೊಣಕಾಲಿಗೆ ಮಾತ್ರ. ಉಸಿರು ನಿಂತ ಮೇಲೆ ನೆಲಕ್ಕೂ ಗೊತ್ತಾಗುತ್ತದೆ. ಹಾಗಾಗಿ ನಮ್ಮ ಕೇರಿಯಲ್ಲಿ ಕಾಯಿಲೆ ಬಿದ್ದ ಮುದುಕರನ್ನು ಹೊರಸಿನ ಮೇಲೆ ಮಲಗಿಸುವುದಿಲ್ಲ, ಹೊರಸು ದಂಡವಾಗುತ್ತದೆ. ಬಾಗಿಲ ಹತ್ತಿರ ನೆಲಕ್ಕೆ ಚಾಪೆ ಹಾಸಿ ಮಲಗಿಸುತ್ತಾರೆ, ಆಮೇಲೆ ಗೋಡೆ ಒಡೆಯುವುದು ತಪ್ಪಲಿ ಎಂದು. ದಲಾಲಿ ಅಂಗಡಿಯ ಸಾವಕಾರರು ತೀರಿಕೊಂಡ ದಿನ ಗಾಳಿ ಜೋರಾಗಿತ್ತು. ಹೆಣ ಹಾರಿ ಹೋಗದಂತೆ ನಾಲ್ಕೂ ಕಡೆ ಹಗ್ಗ ಹಿಡಿದುಕೊಂಡು ಒಯ್ದರು. ಅವರು ತಮ್ಮ ಕೊಡೆಯನ್ನೂ ತಾವೇ ಹಿಡಿದವರಲ್ಲ. ಊರಿನ ಸ್ಮಶಾನ ಬಸ್‌ಸ್ಟ್ಯಾಂಡಿನ ಹಿಂದೆಯೇ ಇದೆ. ನಮ್ಮದು ಹಳ್ಳದ ಸೇತುವೆಯ ಆಚೆ.

ಬಿಡಿಸುವುದೆಂದರೆ ಕತ್ತರಿಸುವುದಲ್ಲ, ಅಷ್ಟು ಕಟುಕರು ಕಚೇರಿಯಲ್ಲಿ ಯಾರೂ ಇಲ್ಲ. ನಮ್ಮಲ್ಲಿ ಒಂದು ಪದ್ಧತಿಯಿದೆ. ಹಮಾಲ ಸತ್ತರೆ ಅವನ ಜೊತೆ ಹೊತ್ತವರು ಬಂದು ಹೆಣಕ್ಕೆ ಅಂಗೈ ಹಚ್ಚುತ್ತಾರೆ. ಹಚ್ಚಿದವರ ಮೈಗೆ ಅಷ್ಟಷ್ಟು ಭಾರ ಹೋಗುತ್ತದೆ, ಹೆಣ ಹಗುರಾಗುತ್ತದೆ. ಗ್ಯಾಂಗಿನವರೆಲ್ಲ ಹಚ್ಚಿದರೆ ನಾಲ್ಕು ಮಂದಿ ಹೆಗಲ ಮೇಲೆ ಒಯ್ಯುವಷ್ಟಾಗುತ್ತದೆ. ಇದಕ್ಕೆ ಪಾಲು ತಗೊಳ್ಳೋದು ಅನ್ನುತ್ತೇವೆ. ಮಣ್ಣು ಮಾಡಿ ಬಂದ ಮೇಲೆ ಪಾಲು ಹಿಂದಕ್ಕೆ ಹೋಗುವುದಿಲ್ಲ, ತಗೊಂಡವರಲ್ಲೇ ಕೂತುಬಿಡುತ್ತದೆ. ಮರುದಿನದಿಂದ ಅವರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಅವರೂ ಸತ್ತಾಗ ತಮ್ಮದರ ಜೊತೆಗೆ ಅದನ್ನೂ ಉಳಿದವರಿಗೆ ಕೊಟ್ಟು ಹೋಗುತ್ತಾರೆ. ಜೊತೆಗೆ ಹೊರದವರು ಎಷ್ಟು ಮುಟ್ಟಿದರೂ ಏನೂ ಬರುವುದಿಲ್ಲ. ನಾನು ಅವತ್ತು ಬೆಳಿಗ್ಗೆ ಅವ್ವನ ಮೈಗೆ ನೀರು ಹಾಕಿ, ತಲೆ ಬಾಚಿ, ಹಸಿರು ಸೀರೆ ಹೊದಿಸಿದೆ. ನನಗೆ ಏನೂ ಬರಲಿಲ್ಲ.

ಮೊದಲು ಹಮಾಲರ ಹೆಣಕ್ಕೂ ಪರವಾನಗಿ ಸಿಗುತ್ತಿತ್ತು. ಬಹಳ ಗಾಲಿಗಳ ಟ್ರೇಲರ್ ಬರುತ್ತಿತ್ತು. ನಾಲ್ಕು ಮೂಲೆಗೆ ಕೆಂಪು ಬಾವುಟ, ಹಿಂದೆ 'ಅಧಿಕ ಭಾರ' ಎಂಬ ಹಳದಿ ಹಲಗೆ. ಹಗಲು ಮಾತ್ರ ಹೊರಡಬೇಕು, ಸಂತೆಯ ದಿನ ಹೊರಡಬಾರದು, ಸೇತುವೆಯ ಮೇಲೆ ಬೇರೆ ಗಾಡಿ ಇರಬಾರದು, ಮುಂದೊಬ್ಬರು ಹಿಂದೊಬ್ಬರು ನಡೆಯಬೇಕು. "ಬದುಕಿದ್ದಾಗ ಒಬ್ಬನೂ ದಾರಿ ಬಿಡಲಿಲ್ಲ, ಈಗ ನೋಡು, ಬಸ್ಸೂ ನಿಂತೈತಿ" ಎಂದು ಪಕೀರಪ್ಪ ಕಾಕಾ ನಗುತ್ತಿದ್ದ. ಅವನು ಅವ್ವನ ಗ್ಯಾಂಗಿನವನು, ಹೆಣದ ಮುಂದೂ ನಗುವ ಮನುಷ್ಯ.

ಅವನ ಅಣ್ಣ ಸತ್ತಾಗಲೇ ಕೆಲಸ ಕೆಟ್ಟಿದ್ದು. ಸಹಿ ತಡವಾಯಿತು. ಹೆಣ ಕಚೇರಿಯ ಅಂಗಳದಲ್ಲಿ ಬಿಸಿಲಿಗೆ ಬಿದ್ದಿತ್ತು. ಹಮಾಲರಿಗೆ ಒಂದು ರೋಗವಿದೆ, ಬಿದ್ದ ಭಾರವನ್ನು ನೋಡುತ್ತ ನಿಲ್ಲಲು ಅವರಿಂದ ಆಗುವುದಿಲ್ಲ. ದಾರಿಯಲ್ಲಿ ಯಾರದೋ ಗಾಡಿ ಕೆಸರಲ್ಲಿ ಸಿಕ್ಕಿದ್ದರೆ ಕರೆಯುವ ಮೊದಲೇ ಹೆಗಲು ಕೊಟ್ಟಿರುತ್ತಾರೆ. ಮದುವೆಗೆ ಉಣ್ಣಲು ಹೋದವರು ಎಲೆ ಬಿಟ್ಟೆದ್ದು ಅನ್ನದ ಹಂಡೆ ಇಳಿಸುತ್ತಾರೆ. ಅವತ್ತೂ ಹಾಗೇ ಆಯಿತು. ಒಬ್ಬರ ಮುಖ ಒಬ್ಬರು ನೋಡಿದರು, ಅಂಗೈ ಹಚ್ಚಿದರು, ಎತ್ತಿಕೊಂಡು ಹೋದರು. ಕಚೇರಿಯ ಸಾಹೇಬರು ಕಿಟಕಿಯಿಂದ ನೋಡಿದರು. ಸ್ವಲ್ಪ ದಿನದಲ್ಲೇ ಸುತ್ತೋಲೆ ಬಂತು. ಹಮಾಲರ ಹೆಣ ಬಿಡಿಸಬಹುದಾದ ಸರಕು, ಅದಕ್ಕೆ ಪರವಾನಗಿ ಅಗತ್ಯವಿಲ್ಲ, ಕೊಡತಕ್ಕದ್ದೂ ಅಲ್ಲ. ರಸ್ತೆಯ ಬಾಳಿಕೆಯ ದೃಷ್ಟಿಯಿಂದ ಎಂದು ಕಾರಣವನ್ನೂ ಬರೆದಿದ್ದರು. ಅದಾದ ಮೇಲೆ ನಮ್ಮ ಕೇರಿಯಲ್ಲಿ ಸತ್ತವರನ್ನೆಲ್ಲ ಬದುಕಿದವರೇ ಹೊತ್ತರು. ರಸ್ತೆ ಚೆನ್ನಾಗಿಯೇ ಉಳಿದಿದೆ.

ನಾನು ದೊಡ್ಡ ಲೋಡುಗಳ ಮುಂದೆ ಕೆಂಪು ಬಾವುಟ ಹಿಡಿದು ನಡೆಯುವವಳು. ಹೆಸರು ದ್ಯಾಮವ್ವ, ಲಾರಿಯವರೆಲ್ಲ ಬಾವುಟದವ್ವ ಅನ್ನುತ್ತಾರೆ. ಊರ ನಡುವೆ ಹಾದು ಹೋಗುವುದು ಒಂದೇ ರಸ್ತೆ, ರೆಕ್ಕೆಗಳೂ ಬಾಯ್ಲರುಗಳೂ ಅದರ ಮೇಲೇ ಬರಬೇಕು. ತಂತಿ ಅಡ್ಡ ಬಂದರೆ ಕೋಲಿನಿಂದ ಎತ್ತಿಸುತ್ತೇನೆ, ದನ ಅಡ್ಡ ಬಂದರೆ ಓಡಿಸುತ್ತೇನೆ. ಮನೆ ಅಡ್ಡ ಬಂದರೆ ಕಚೇರಿಯವರು ನೋಡಿಕೊಳ್ಳುತ್ತಾರೆ. ಹಿಂದಿನ ಸಲ ರೆಕ್ಕೆ ಬಂದಾಗ ತಿರುವಿನಲ್ಲಿ ನಮ್ಮ ಕೇರಿಯ ಅಂಗನವಾಡಿಯ ಗೋಡೆ ತಾಗುತ್ತಿತ್ತು. ಗೋಡೆಯನ್ನು ಬಿಡಿಸಬಹುದು, ರೆಕ್ಕೆಯನ್ನು ಬಿಡಿಸಲಾಗದು. ಗೋಡೆ ಬಿತ್ತು. ನಾನು ಬಾವುಟ ಬೀಸಿದೆ, ರೆಕ್ಕೆ ದಾಟಿತು. ಹುಡುಗರು ಈಗ ರಸ್ತೆಯನ್ನು ನೋಡುತ್ತ ಉಪ್ಪಿಟ್ಟು ತಿನ್ನುತ್ತಾರೆ.

ಅವ್ವ ನನಗೆ ಒಂದು ದಿನವೂ ಬುಟ್ಟಿ ಹೊರಿಸಲಿಲ್ಲ. "ಬಾವುಟ ಹಿಡಿ, ಕೈಗೆ ಹಗುರಾಗಿ ಬರ್ತೈತಿ" ಅಂದಳು. ತಾನು ಮಾತ್ರ ಹಳ್ಳದ ಸೇತುವೆ ಕಟ್ಟುವಾಗ ಜಲ್ಲಿ ಹೊತ್ತಳು, ರೈಲಿನ ಗೋದಾಮಿನಲ್ಲಿ ಉಪ್ಪು ಹೊತ್ತಳು. ತುಂಬಿದ ಬುಟ್ಟಿಯನ್ನು ಯಾರೂ ತಮ್ಮ ತಲೆಗೆ ತಾವೇ ಏರಿಸಿಕೊಳ್ಳಲಾರರು, ಎದುರಿಗೆ ನಿಂತು ಎತ್ತಿ ಕೊಡಲು ಇನ್ನೊಬ್ಬರು ಬೇಕು. ಅವರಿಗೆ ಜೋಡಿ ಅನ್ನುತ್ತಾರೆ. ಅವ್ವನ ಜೋಡಿ ಸಂಕವ್ವ. ನನಗೆ ಚಿಗವ್ವ ಇದ್ದಂತೆ, ಸಂಬಂಧದಿಂದಲ್ಲ, ಬುಟ್ಟಿಯಿಂದ. ಇಬ್ಬರಿದ್ದರೂ ಒಂದು ತೊಡಕು ಉಳಿಯುತ್ತದೆ. ಎಲ್ಲರಿಗೂ ಎತ್ತಿ ಕೊಟ್ಟು ಕೊನೆಗೆ ಉಳಿದವಳಿಗೆ ಎತ್ತಿ ಕೊಡುವವರು ಇರುವುದಿಲ್ಲ. ಅವಳು ಬುಟ್ಟಿಯನ್ನು ತೊಡೆಗೆ ತಂದು, ಎದೆಗೆ ತಂದು, ಉಸಿರು ಬಿಗಿಹಿಡಿದು ತಲೆಗೆ ತರಬೇಕು. ಕೊನೆಯ ಬುಟ್ಟಿ ಯಾವತ್ತೂ ಅವ್ವನದೇ ಆಗಿತ್ತು.

ಅದೇ ಗ್ಯಾಂಗಿನಲ್ಲಿ ಹೊತ್ತಿದ್ದ ಅಪ್ಪ ಸತ್ತಾಗ ಪಾಲು ತಗೊಳ್ಳುವ ಹೊತ್ತಿಗೆ ಅವ್ವ ಎಲ್ಲರಿಗಿಂತ ಮೊದಲು ಎರಡೂ ಕೈ ಹಚ್ಚಿ, ಸಂಕವ್ವ ಬರುವುದರೊಳಗೆ ಅವಳ ಪಾಲನ್ನೂ ಎಳೆದುಕೊಂಡಿದ್ದಳು. ಸಂಕವ್ವನ ಮೊಣಕಾಲು ಆಗಲೇ ಹೋಗಿದ್ದವು. "ನನ್ನ ಪಾಲ ಕದ್ದಿ, ಕಳ್ಳಿ" ಎಂದು ಸಂಕವ್ವ ಮಾತು ಬಿಟ್ಟಳು. ಒಂದು ಇಡೀ ಬೇಸಿಗೆ ಇಬ್ಬರೂ ಮಾತಾಡದೆ ಒಬ್ಬರ ತಲೆಗೆ ಒಬ್ಬರು ಬುಟ್ಟಿ ಎತ್ತಿ ಕೊಟ್ಟರು. ಆಮೇಲೆ ಮಳೆ ಬಂದ ದಿನ ಒಂದೇ ಗೋಣಿಚೀಲದ ಕೆಳಗೆ ನಿಲ್ಲಬೇಕಾಯಿತು, ಮಾತು ಬಂತು.

ಅವ್ವ ಹೋಗುವ ಮೊದಲು ನನಗೆ ಹೇಳಿದ್ದು ಒಂದೇ ಮಾತು. "ಸಂಕಿಗೆ ಕೈ ಹಚ್ಚಾಕ ಬಿಡಬ್ಯಾಡ. ಅಕಿ ಇನ್ನ ತಡ್ಯಂಗಿಲ್ಲ. ನನ್ನ ಗಾಡಿ ಮ್ಯಾಲ ಒಯ್ರಿ, ನಿಮ್ಮಪ್ಪನ ಬಾಜೂಕ ಹಾಕ್ರಿ."

"ಪರವಾನಗಿ ಕೊಡಂಗಿಲ್ಲಬೇ ಅವರು."

"ನೀ ದಿನಾ ಅವರ ಲಾರಿ ಮುಂದ ನಡೀತಿ. ಒಂದ ದಿನ ನನ್ನ ಮುಂದ ನಡಿ."

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಹೊರಳಿ ನೋಡುವಷ್ಟರಲ್ಲಿ ಚಾಪೆಯ ಕೆಳಗಿನ ಕಲ್ಲುಚಪ್ಪಡಿ ಲಟ್ಟೆಂದು ಸೀಳಿತು. ಅಷ್ಟರಿಂದಲೇ ನನಗೆ ಗೊತ್ತಾಯಿತು.

ಗ್ಯಾಂಗಿನವರು ಬಂದು ಓಣಿಯಲ್ಲಿ ನಿಂತರು. ಉಳಿದಿರುವುದೇ ಅಷ್ಟು ಮಂದಿ, ಪಕೀರಪ್ಪ ಕಾಕಾ, ಸಂಕವ್ವ, ಇನ್ನಿಬ್ಬರು ಮುದುಕಿಯರು. ನಾನು ಅವ್ವನ ಮಾತನ್ನು ಹೇಳಿದೆ. ಸಂಕವ್ವ ಹೊಸ್ತಿಲು ದಾಟಲಿಲ್ಲ. "ಒಳಗ ಬಂದ್ರ ನನ್ನ ಕೈ ಸುಮ್ಮನಿರಂಗಿಲ್ಲ. ಇಲ್ಲೇ ಕುಂದರ್ತೀನಿ" ಎಂದು ಕಟ್ಟೆಗೆ ಒರಗಿ ಕೂತಳು. ಅಲ್ಲಿಂದಲೇ ಒಳಗಿನವಳಿಗೆ ಕೇಳುವಂತೆ ಬೈದಳು. "ಸತ್ತ ಮ್ಯಾಲೂ ನಿಂದs ನಡೀಬೇಕೇನ ಹುಲಿಗಿ? ಅದಕ್ಕೂ ಮಗಳನ್ನ ಕಾವಲ ಇಟ್ಟು ಹೋಗಿಯೇನ?"

ಟ್ರೇಲರ್ ತಂದವನು ಮಾಬಣ್ಣ. ಬಾಯ್ಲರು ಇಳಿಸಿ ಖಾಲಿ ಹೊರಟಿದ್ದವನು ಸುದ್ದಿ ಕೇಳಿ ಹೊರಳಿಸಿಕೊಂಡು ಬಂದ. ವರ್ಷಗಟ್ಟಲೆ ಅವನ ಲಾರಿಯ ಮುಂದೆ ನಡೆದಿದ್ದೇನೆ, ನನ್ನ ಬೆನ್ನು ಬಿಟ್ಟರೆ ಅವನು ನನ್ನನ್ನು ಹೆಚ್ಚು ನೋಡಿಲ್ಲ. ಚೈನ್ ಪುಲ್ಲಿ ಕಟ್ಟಿದ, ಜಾಕು ಕೊಟ್ಟ, ಅವ್ವನನ್ನು ಚಾಪೆ ಸಮೇತ ಎಳೆದು ಏರಿಸಿದ. ಬಾಗಿಲ ಚೌಕಟ್ಟು ಒಂದು ಕಡೆ ಹೋಯಿತು. ಗ್ಯಾಂಗಿನ ನಾಲ್ವರೂ ಅಷ್ಟು ಹೊತ್ತು ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಗೋಡೆಗೆ ಮುಖ ಮಾಡಿದ್ದರು. ಕಬ್ಬಿಣ ಕಿರುಗುಟ್ಟಿದಾಗೆಲ್ಲ ಪಕೀರಪ್ಪ ಕಾಕಾನ ಬೆನ್ನು ತಾನಾಗಿ ಬಾಗುತ್ತಿತ್ತು.

ಭಾರ ಪರವಾನಗಿ ಕಚೇರಿ ಊರ ತುದಿಯಲ್ಲಿ, ಸೇತುವೆಯ ಈಚೆಗೇ ಇದೆ. ಅದರ ಮುಂದೆ ರಸ್ತೆಯಲ್ಲೇ ಲಾರಿ ತೂಗುವ ಕಾಟಾ ಹೂಳಿದ್ದಾರೆ. ಕಬ್ಬಿಣದ ದೊಡ್ಡ ಹಾಸು, ಪಕ್ಕದ ಕಂಬದ ಮೇಲೆ ಕೆಂಪು ಅಂಕಿಗಳು. ಭಾರದ ಗಾಡಿಗಳೆಲ್ಲ ಅದನ್ನು ಹತ್ತಿಯೇ ಮುಂದೆ ಹೋಗಬೇಕು. ಮಾಬಣ್ಣ ಹತ್ತಿಸಿ ಇಂಜಿನ್ ಬಂದ್ ಮಾಡಿದ, ಹಿಂದೆ ನಡೆದು ಬಂದ ಗ್ಯಾಂಗಿನವರು ಕಚೇರಿಯ ಅಂಗಳ ಸೇರಿದರು. ಅಂಕಿ ಏರಿ ನಿಂತಾಗ ಕಾಟಾದ ಹುಡುಗ ಒಮ್ಮೆ ಟ್ರೇಲರಿನ ಮೇಲೆ ನೋಡಿದ, ಒಮ್ಮೆ ಅಂಕಿ ನೋಡಿದ. ಹಸಿರು ಸೀರೆ ಹೊದ್ದ ಒಂದು ಸಣ್ಣ ಮುದುಕಿ, ಕಾಲು ಹೊರಗೆ.

ಒಳಗೆ ಗುಮಾಸ್ತ ಅಮರೇಗೌಡ ಅರ್ಜಿ ತುಂಬಿಸಿದ. ಒಳ್ಳೆಯವನೇ.

"ಸರಕು ಏನು?"

"ನಮ್ಮವ್ವ."

"ಹಂಗ ಬರಿಯಾಕ ಬರಂಗಿಲ್ಲ ತಂಗಿ. ಯಂತ್ರೋಪಕರಣ, ಕಟ್ಟಡ ಸಾಮಗ್ರಿ, ಇತರೆ. ಮೂರರಾಗ ಯಾವುದು ಹೇಳು."

"ಕಟ್ಟಡ ಸಾಮಗ್ರಿ ಬರಿಯಪ್ಪ" ಅಂದ ಪಕೀರಪ್ಪ ಕಾಕಾ ಬಾಗಿಲಿನಿಂದ. "ಈ ಸೇತುವಿ ಅರ್ಧಾ ಅಕಿ ಮೈಯಾಗ ಐತಿ."

ಅಮರೇಗೌಡ 'ಇತರೆ' ಎಂದು ಬರೆದ. ಉದ್ದ ಕೇಳಿದ, ಹೇಳಿದೆ. ಅಗಲ ಕೇಳಿದ, ಹೇಳಿದೆ. "ಉದ್ದ ಅಗಲದಾಗ ಏನೂ ತಕರಾರಿಲ್ಲ ನೋಡು, ತೂಕದಾಗ ಅಷ್ಟs" ಎಂದು ಸಮಾಧಾನ ಹೇಳಿ ಸಾಹೇಬರ ಕೋಣೆಗೆ ಒಯ್ದ. ಹೊರಗೆ ತಂದಾಗ ಮೇಲೆ ಕೆಂಪು ಶಾಯಿಯಲ್ಲಿ 'ಬಿಡಿಸಬಹುದಾದ ಸರಕು' ಎಂಬ ಎರಡು ಮಾತು ಬಿದ್ದಿದ್ದವು. ನಾನು ಒಳಗೆ ಹೋದೆ.

ಸಾಹೇಬರು ನನ್ನನ್ನು ಬಲ್ಲರು. ರೆಕ್ಕೆ ದಾಟಿಸಿದ ದಿನ ಶಹಬ್ಬಾಸ್ ಅಂದಿದ್ದರು. "ಕೂತ್ಕೋಮ್ಮ" ಅಂದರು. ಕುರ್ಚಿ ಇರಲಿಲ್ಲ.

"ಸೇತುವೆ ಈ ತೂಕ ತಡಿಯೋದಿಲ್ಲಮ್ಮ, ಹಳೇದು."

"ಹೋದ ಸಲದ ಟ್ರಾನ್ಸ್‌ಫಾರ್ಮರು ಇದರ ಎರಡ ಪಟ್ಟು ಇತ್ರಿ. ನಾನs ಮುಂದ ನಡದೀನಿ."

"ಅದನ್ನ ಬಿಡಿಸೋದಕ್ಕೆ ಬರೋದಿಲ್ಲವಲ್ಲ."

"ಬಿಡಿಸಾಕ ಬರದಿದ್ದರ ಸೇತುವಿ ತಡೀತೈತೇನ್ರಿ?"

ಸಾಹೇಬರು ನಿಯಮದ ಪುಸ್ತಕ ತೆಗೆದು ಒಂದು ಪುಟ ನೋಡಿದರು. "ಹೌದು" ಅಂದರು. "ನಿಯಮದ ಪ್ರಕಾರ ತಡೆಯುತ್ತೆ. ನೋಡು, ನಿಮ್ಮಲ್ಲೇ ಪದ್ಧತಿ ಇದೆ, ಎಷ್ಟು ಚಂದದ ಪದ್ಧತಿ. ಒಬ್ಬರ ಭಾರ ಇನ್ನೊಬ್ಬರು. ನಮ್ಮ ಜನರಲ್ಲಿ ಇಂಥದ್ದು ಇಲ್ಲ. ಅದನ್ನ ನೀವೇ ಯಾಕೆ ಬಿಡ್ತೀರಿ? ನಿನಗೆ ಕೊಟ್ಟರೆ ನಾಳೆ ನಿಮ್ಮ ಕೇರಿಯವರೆಲ್ಲ ಪರವಾನಗಿ ಕೇಳಿಕೊಂಡು ಬರ್ತಾರೆ."

"ಸತ್ತರ ಬರೂದು ಸಾಹೇಬ್ರ" ಪಕೀರಪ್ಪ ಕಾಕಾ ಹೊರಗಿನಿಂದ ಕೂಗಿದ. "ಸಾಯದ ಯಾರೂ ಬರಂಗಿಲ್ಲ, ನಾ ಜಾಮೀನು."

ಅಷ್ಟರಲ್ಲಿ ಹೊರಗೆ ಉದ್ದನೆಯ ಹಾರನ್ ಕೇಳಿಸಿತು. ರೆಕ್ಕೆಯ ಲಾರಿ ಬಂದಿತ್ತು. ಅವತ್ತು ಅದರ ಮುಂದೆ ನಾನೇ ನಡೆಯಬೇಕಿತ್ತು, ನಾನಿಲ್ಲದ್ದಕ್ಕೆ ಬೇರೆ ಯಾರನ್ನೋ ಹಿಡಿದು ತಂದಿದ್ದರು. ಮಾಬಣ್ಣನ ಟ್ರೇಲರಿನ ಹಿಂದೆ ಬಂದು ನಿಂತಿತು. ಬಿಳಿ ರೆಕ್ಕೆ ಮಸೀದಿಯ ತಿರುವಿನವರೆಗೂ ಚಾಚಿತ್ತು, ಅದರ ತುದಿಯ ಕೆಂಪು ಬಾವುಟ ಇಲ್ಲಿಂದ ಕಾಣುತ್ತಿರಲಿಲ್ಲ. ಅದರ ಪರವಾನಗಿ ಅವತ್ತಿನ ಸೂರ್ಯ ಮುಳುಗುವವರೆಗೆ ಮಾತ್ರ. ಅಷ್ಟರೊಳಗೆ ಸೇತುವೆ ದಾಟಬೇಕು.

ಸಾಹೇಬರು ಹೊರಗೆ ಬಂದರು. ಜವಾನ ಹಿಂದಿನಿಂದ ಓಡಿ ಬಂದು ಕೊಡೆ ಬಿಚ್ಚಿ ಹಿಡಿದ. "ಗಾಡಿ ತೆಗಿ, ಪಕ್ಕಕ್ಕೆ ಹಾಕು" ಎಂದರು ಮಾಬಣ್ಣನಿಗೆ.

"ಹೆಂಗ ತೆಗೀಲ್ರಿ?" ಮಾಬಣ್ಣ ಕೆಳಗಿಳಿದು ಕೈಮುಗಿದ. "ಪರವಾನಗಿ ಇಲ್ಲದ ಲೋಡು ಕಾಟಾದಿಂದ ಒಂದ ಫೂಟು ಮುಂದ ಹೋದ್ರ ಲೈಸೆನ್ಸು ರದ್ದು ಅಂತ ನಿಮ್ಮ ಬೋರ್ಡಿನ್ಯಾಗ ಐತಿ. ನನಗ ಓದಾಕ ಬರ್ತೈತ್ರಿ, ಅದs ತಪ್ಪಾಗೇತಿ."

"ಹಿಂದಕ್ಕೆ ತಗೋ."

"ಹಿಂದ ರೆಕ್ಕಿ ಐತಲ್ರಿ. ಅವನು ಹಿಂದ ಸರೀಬೇಕಂದ್ರ ಮಸೀದಿ ಕೆಡವಬೇಕು, ಇಲ್ಲಾ ಪೊಲೀಸ್ ಠಾಣೆ ಕೆಡವಬೇಕು. ಯಾವ್ದು ಬಿಡಿಸಬಹುದು ನೀವs ನೋಡ್ರಿ."

ಜನ ಸೇರಿದರು. ರೆಕ್ಕೆ ಲಾರಿಯ ಚಾಲಕ ಇಳಿದು ಬಂದು, ಯಾರು ತೀರಿಕೊಂಡರು ಎಂದು ಕೇಳಿ, ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಸಾಹೇಬರು ಸೂರ್ಯನನ್ನು ನೋಡಿದರು, ಕೈಗಡಿಯಾರ ನೋಡಿದರು, ಅಮರೇಗೌಡನನ್ನು ಕರೆದು ಕಿವಿಯಲ್ಲಿ ಏನೋ ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿದಾಗ ಮುಖ ಹೊಸದಾಗಿತ್ತು.

"ನಾನು ಮನುಷ್ಯನೇ ಅಪ್ಪ. ನೀವು ಬಿಡಿಸೋದಕ್ಕೆ ಬರೋದಿಲ್ಲ ಅಂತೀರಿ, ನಾನು ಬರುತ್ತೆ ಅಂತೀನಿ. ಹೇಗೂ ಕಾಟಾದ ಮೇಲೇ ಇದೆ, ಎಲ್ಲರ ಎದುರು ಪರೀಕ್ಷೆ ಆಗಲಿ. ಈಕೆ ಜೊತೆ ಹೊತ್ತವರು ಒಂದೊಂದು ಸಲ ಕೈ ಹಚ್ಚಿ. ತೂಕ ಇಳೀದಿದ್ದರೆ ಬಿಡಿಸಲಾಗದ ಸರಕು ಅಂತ ಇಲ್ಲೇ ನಿಂತು ಬರೆದುಕೊಡ್ತೀನಿ."

"ಇಳದ್ರ?" ಪಕೀರಪ್ಪ ಕಾಕಾ ಕೇಳಿದ.

"ಇಳಿದರೆ ಪರವಾನಗಿಯೇ ಬೇಕಾಗೋದಿಲ್ಲವಲ್ಲ. ಎತ್ತಿಕೊಂಡು ಹೋಗಿ, ಕತ್ತಲಾಗೋದರೊಳಗೆ ಮಣ್ಣಾಗುತ್ತೆ. ಎರಡರಲ್ಲಿ ಏನಾದರೂ ನಿಮಗೆ ಲಾಭವೇ."

ಜನರಲ್ಲಿ ಕೆಲವರು ಇದು ನ್ಯಾಯ ಅಂದರು. ಕೇರಿಯವರಲ್ಲದವರು.

ಸಾಹೇಬರು ಇಷ್ಟು ಹೇಳಿ ಕೊಡೆಯ ನೆರಳಲ್ಲೇ ನಿಂತರು. ಒತ್ತಾಯ ಮಾಡಲಿಲ್ಲ, ಗದರಲಿಲ್ಲ. ಅವರು ಒಮ್ಮೆ ಕಿಟಕಿಯಿಂದ ನೋಡಿದ್ದರು. ಭಾರವನ್ನು ಬಿಸಿಲಲ್ಲಿಟ್ಟು ಸ್ವಲ್ಪ ಹೊತ್ತು ಕಾದರೆ ಸಾಕೆಂದು ಅವರಿಗೆ ಗೊತ್ತಿತ್ತು.

ಕಾದೆವು. ಅವ್ವನ ಮುಖದ ಮೇಲೆ ನೊಣ ಕೂತವು. ನಾನು ಬಾವುಟದಿಂದ ಓಡಿಸಿದೆ. ಚಾಪೆಯ ಒಂದು ಅಂಚು ಜಾರಿ ಅವ್ವನ ಕೈ ಟ್ರೇಲರಿನ ಹೊರಗೆ ಇಳಿಬಿತ್ತು. ಎತ್ತಿ ಎದೆಯ ಮೇಲೆ ಇಡಲು ನೋಡಿದೆ, ಆ ಕೈಯೊಂದೇ ಒಂದು ಲೋಡಿನಷ್ಟಿತ್ತು, ಆಗಲಿಲ್ಲ. ಅದು ಅಂಗೈ ಮೇಲಾಗಿ ತೂಗಾಡುತ್ತ ಉಳಿಯಿತು. ಯಾರೋ ಎತ್ತಿ ಕೊಡಲಿ ಎಂದು ಬುಟ್ಟಿಯ ಎದುರು ನಿಂತಾಗ ಅವ್ವ ಹಾಗೇ ಚಾಚುತ್ತಿದ್ದಳು.

ಇಬ್ಬರು ಮುದುಕಿಯರು ಸೆರಗಿನಲ್ಲಿ ಕೈ ಸುತ್ತಿಕೊಂಡರು. ಪಕೀರಪ್ಪ ಕಾಕಾ ಒಂದು ಬೀಡಿ ಹಚ್ಚಿದ, ಅದು ಮುಗಿಯುವ ಮೊದಲೇ ಇನ್ನೊಂದು ತೆಗೆದ, ಕೈಗೆ ಏನಾದರೂ ಕೆಲಸ ಇರಲೆಂದು. ಅವನ ಮುಖದಲ್ಲಿ ನಗು ಇರಲಿಲ್ಲ. "ನಾ ತಿರುಗಿ ನಿಲ್ತೀನಿ" ಎಂದು ಸೇತುವೆಯ ಕಡೆ ಮುಖ ಮಾಡಿದ.

ಸಂಕವ್ವ ಎದ್ದಳು. ಅಷ್ಟು ಹೊತ್ತು ಕಚೇರಿಯ ಬೇವಿನ ಮರದ ಕೆಳಗೆ ಕೂತಿದ್ದವಳು ಅವ್ವನ ಆ ಕೈಯನ್ನು ನೋಡಿ ಎದ್ದಳು. ಒಂದೊಂದು ಹೆಜ್ಜೆಗೂ ಮೊಣಕಾಲ ಮೇಲೆ ಕೈಯೂರಿ ಬಂದಳು. ಜನ ದಾರಿ ಬಿಟ್ಟರು. ಸಾಹೇಬರು ಅಮರೇಗೌಡನಿಗೆ ಅಂಕಿ ನೋಡುತ್ತಿರಲು ಸನ್ನೆ ಮಾಡಿದರು.

ನಾನು ಅಡ್ಡ ನಿಂತೆ. "ಚಿಗವ್ವ, ಬ್ಯಾಡ. ಅವ್ವ ಏನಂದಾಳ ನಿನಗ ಗೊತ್ತೈತಿ."

"ಸರಿ ಆಚೆ. ನನ್ನ ಜೋಡಿ ಅಕಿ. ಕೈ ಚಾಚ್ಯಾಳ ನೋಡು."

"ನೀನೂ ಸಾಯ್ತಿ."

"ನಾ ಏನ್ ಬದುಕೀನಿ ಅಂತ ತಿಳದೀಯೇನ?"

ಅವಳ ಬಲಗೈ ಆಗಲೇ ಎದ್ದಿತ್ತು. ಅದನ್ನು ಎತ್ತಿದ್ದು ಅವಳಲ್ಲ, ಅದು ತಾನೇ ಎದ್ದಿತ್ತು. ನನ್ನ ಹೆಗಲ ಮೇಲಿಂದ ಅವ್ವನ ಅಂಗೈ ಕಡೆಗೆ ಹೋಗುತ್ತಿತ್ತು. ಇನ್ನೊಂದು ಗೇಣು ಉಳಿದಾಗ ಸಾಹೇಬರು ಮೆಲ್ಲಗೆ, ಪ್ರೀತಿಯಿಂದಲೇ ಎಂಬಂತೆ, "ಹಾಂ, ಅಷ್ಟೇ, ಎತ್ತವ್ವ" ಅಂದರು.

ಸಂಕವ್ವನ ಕೈ ನಿಂತಿತು.

ಅವಳು ತಿರುಗಿ ಸಾಹೇಬರನ್ನು ನೋಡಿದಳು. ಕೊಡೆ ನೋಡಿದಳು, ಕೊಡೆ ಹಿಡಿದ ಜವಾನನನ್ನು ನೋಡಿದಳು. ಅವಳ ಜೀವಮಾನದಲ್ಲಿ ಆ ಮಾತು ಹೇಳಿದವರೆಲ್ಲ ಹೀಗೆ ನೆರಳಲ್ಲೇ ನಿಂತು ಹೇಳಿದ್ದಿರಬೇಕು. ಎತ್ತು ಅಂದಾಗ ಅವಳು ಎತ್ತದೆ ಇದ್ದದ್ದು ನನಗೆ ಗೊತ್ತಿಲ್ಲ. ಕೈ ಇನ್ನೂ ಗಾಳಿಯಲ್ಲೇ ಇತ್ತು, ಮುಂದಕ್ಕೇ ಎಳೆಯುತ್ತಿತ್ತು.

"ದ್ಯಾಮಿ" ಅಂದಳು. "ನನ್ನ ಸಿಂಬಿ ಬಿಚ್ಚು."

ಸಿಂಬಿ ಎಂದರೆ ಬುಟ್ಟಿಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಸುತ್ತಿದ ಬಟ್ಟೆ. ಅವಳು ಕೆಲಸ ಬಿಟ್ಟ ಮೇಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು. ತೆಗೆದು ಬಿಚ್ಚಿದೆ. ಎಷ್ಟೋ ವರ್ಷದ ಸುತ್ತು, ಬಿಚ್ಚಿದರೂ ಮತ್ತೆ ಸುತ್ತಿಕೊಳ್ಳಲು ನೋಡುತ್ತಿತ್ತು.

"ಕೈ ಕಟ್ಟು."

"ಚಿಗವ್ವ..."

"ಕಟ್ಟ ಅಂದೆ. ಇವು ನನ್ನ ಮಾತ ಕೇಳಂಗಿಲ್ಲ, ಬರೇ ಅವರ ಮಾತ ಕೇಳ್ಯಾವು. ಬೆನ್ನ ಹಿಂದ ಕಟ್ಟು. ಬಿಗೀನs ಕಟ್ಟು."

ಬಾವುಟವನ್ನು ನೆಲಕ್ಕೆ ಹಾಕಿ ಕಟ್ಟಿದೆ. ಮುದುಕಿಯರಿಬ್ಬರು ಅದನ್ನು ನೋಡಿ ತಮ್ಮ ಸೆರಗು ಸೀಳಿ ಒಬ್ಬರದನ್ನೊಬ್ಬರು ಕಟ್ಟಿಕೊಳ್ಳಲು ಹೊರಟರು. ಮೊದಲನೆಯವಳದು ಕಟ್ಟಾಯಿತು, ಕೊನೆಯವಳಿಗೆ ಕಟ್ಟುವವರು ಉಳಿಯಲಿಲ್ಲ. ಪಕೀರಪ್ಪ ಕಾಕಾ ಬೀಡಿ ಎಸೆದು ಬಂದು ಅವಳದನ್ನು ಕಟ್ಟಿದ. ಆಮೇಲೆ ಮಾಬಣ್ಣನ ಎದುರು ತನ್ನ ಕೈ ಹಿಡಿದ. ಮಾಬಣ್ಣ ಲೋಡು ಕಟ್ಟುವ ಹಗ್ಗದಿಂದಲೇ ಕಟ್ಟಿದ, ಲೋಡಿಗೆ ಹಾಕುವ ಗಂಟನ್ನೇ ಹಾಕಿದ.

"ಏನಿದು?" ಸಾಹೇಬರು ಅಮರೇಗೌಡನನ್ನು ಕೇಳಿದರು. "ಇದಕ್ಕೆ ಏನಾದರೂ ನಿಯಮ ಇದೆಯೇ?"

ಅಮರೇಗೌಡ ಪುಟ ತಿರುವಿದ. "ಹಗ್ಗ ಬಿಗಿಯಾಗಿರಬೇಕು ಅಂತ ಐತಿ ಸರ್" ಅಂದ.

ಸಂಕವ್ವ ಕೈ ಹಿಂದೆ ಕಟ್ಟಿಸಿಕೊಂಡೇ ಕಾಟಾ ಹತ್ತಿದಳು. ಟ್ರೇಲರಿನ ಗಾಲಿಗೆ ಬೆನ್ನು ಕೊಟ್ಟು, ಅವ್ವನ ಇಳಿಬಿದ್ದ ಕೈಗೆ ತಾಗದಷ್ಟು ಅಂತರದಲ್ಲಿ ಮೆಲ್ಲಗೆ ಕೂತಳು. ಕಂಬದ ಮೇಲಿನ ಕೆಂಪು ಅಂಕಿ ತುಸು ಏರಿತು, ಒಂದು ಮೇಕೆ ಹತ್ತಿದರೆ ಏರುವಷ್ಟು. ಬದುಕಿದ್ದಾಳಲ್ಲ.

ಸೂರ್ಯ ರೆಕ್ಕೆಯ ಮೇಲೆ ಬಂದಿದ್ದ. ಸಾಹೇಬರು ಕೊಡೆಯಿಂದ ಹೊರಗೆ ಬಂದರು, ಜವಾನ ಕೊಡೆ ಹಿಡಿದು ಹಿಂದೆಯೇ ಬಂದ. "ಎದ್ದೇಳವ್ವ, ಕಾಟಾ ಬಿಡು. ಸುಮ್ಮನೆ ಒಂದು ಸಲ ಮುಟ್ಟು, ಮುಗಿದು ಹೋಗುತ್ತೆ. ನಿನ್ನ ಜೋಡಿಯಲ್ಲವೇ? ಬಿಸಿಲಲ್ಲಿ ಬಿದ್ದಿದ್ದಾಳೆ, ನಿನಗೆ ನೋಡೋದಕ್ಕಾದರೂ ಹೇಗಾಗುತ್ತೆ? ಎತ್ತು."

ಸಂಕವ್ವ ಅವರ ಕಡೆ ನೋಡಲಿಲ್ಲ. ಕತ್ತೆತ್ತಿ ತನ್ನ ತಲೆಯ ಮೇಲೆ ಚಾಚಿದ್ದ ಕೈಗೆ ಹೇಳಿದಳು.

"ಹುಲಿಗಿ, ನೀ ಸಿಟ್ಟಾಗಬ್ಯಾಡ. ಇವತ್ತ ನಾ ಎತ್ತಂಗಿಲ್ಲ."